ನೀನು ಆಡದ ಮಾತು

ಸೌಮ್ಯಾ, ಆ ದಿನ ಹರಿಹರದ ಮನೆಯಲ್ಲಿ ಬಾಯಿ ಬಿಟ್ಟವಳು ನೀನಲ್ಲ, ನಾನು. ನಿಮ್ಮ ಮನೆಯಲ್ಲಿ ಮೀನು ಉಣ್ಣುತ್ತಾರೆ ಎಂದು ನಿನ್ನ ಅಜ್ಜಿಗೆ ಹೇಳಿದ್ದು ನಾನು. ಹೇಳಿದ ಮೇಲೆ ಅದನ್ನು ಆರು ವರ್ಷದ ನಿನ್ನ ತಲೆಗೆ ಕಟ್ಟಿದ್ದೂ ನಾನೇ. ನಿನ್ನ ಅವ್ವ ಕಸ್ತೂರಿ, ನನ್ನ ಬೆನ್ನಿಗೆ ಬಿದ್ದ ತಂಗಿ, ಸಾಯುವವರೆಗೂ ಆ ಸುಳ್ಳನ್ನೇ ನಂಬಿದ್ದಳು. ನೀನು ಇವತ್ತಿಗೂ ನಂಬಿದ್ದೀಯ.

ಮೊನ್ನೆ ಫೋನಿನಲ್ಲಿ ನೀನೇ ಅಂದೆ — "ದೊಡ್ಡವ್ವ, ನಾ ಅವತ್ತು ಆ ಮಾತು ಅಂದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗೈತೆ. ಅಜ್ಜಿ ಮೊರದಾಗ ಅಕ್ಕಿ ಆರಿಸ್ತಾ ಕುಂತಿದ್ಲು. ನಾ ಹೋಗಿ, ಮೀನು ಭಾಳ ರುಚಿ ಅಜ್ಜಿ ಅಂದೆ." ಅಜ್ಜಿ ಅಕ್ಕಿ ಆರಿಸುತ್ತಿದ್ದದ್ದು ನಿಜ. ನೀನು ಹತ್ತಿರ ಹೋದದ್ದೂ ನಿಜ, ಮಂಡಕ್ಕಿ ಕೇಳುವುದಕ್ಕೆ. ಮಾತು ಮಾತ್ರ ನಿನ್ನದಲ್ಲ. ಅದನ್ನು ಕಟ್ಟಿದವಳು ನಾನು. ಕೇಳಿ ಕೇಳಿ, ಅದಕ್ಕಾಗಿ ಹೊಡೆತ ತಿಂದು, ನೀನು ಅದನ್ನು ನಿನ್ನ ನೆನಪಿನೊಳಗೆ ಸೇರಿಸಿಕೊಂಡುಬಿಟ್ಟಿದ್ದೀಯ. ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ — ಆದರೆ ಸೇರಿತು. ಉಂಡು, ಮಲಗಿ, ಮೂರನೇ ದಿನಕ್ಕೆ ಬರೆಯಲು ಕೂತಿದ್ದೇನೆ. ನಾನು ಎಂಥವಳು ಎಂಬುದು ನಿನಗೆ ಮೊದಲೇ ಗೊತ್ತಾಗಲಿ.

ನಿನ್ನ ಅಪ್ಪ ನಾಗರಾಜ ದಾವಣಗೆರೆಯಲ್ಲಿ ಬೆಣ್ಣೆದೋಸೆ ಹಾಕುತ್ತಿದ್ದವನು. ಗೋವಾದ ಕಡಲ ದಂಡೆಯ ಹೋಟೆಲಿನವನೊಬ್ಬ ಅವನ ಕೈರುಚಿ ನೋಡಿ, ಸಂಬಳ ಎರಡು ಪಟ್ಟು ಎಂದು ಹೇಳಿ ಕರೆದೊಯ್ದ. ಕಸ್ತೂರಿಯೂ ಮೂರು ವರ್ಷದ ನಿನ್ನನ್ನು ಎತ್ತಿಕೊಂಡು ಹೋದಳು. ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಅವತ್ತಿನಿಂದ ನನ್ನ ನಡಿಗೆಯೇ ಬೇರೆಯಾಯಿತು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಬೇರೆಯವರು ರಜೆಗೆ ಹದಡಿಗೋ ಹೊಳಲ್ಕೆರೆಗೋ ಹೋಗುತ್ತಿದ್ದರು. ನನ್ನ ತಂಗಿಯ ಮನೆ ಗೋವಾದಲ್ಲಿತ್ತು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗಲೂ ನಾನು ಸಮುದ್ರದ ಸುದ್ದಿ ತೆಗೆಯುತ್ತಿದ್ದೆ.

ಅಲ್ಲಿನ ಬದುಕು ಎಂಥದ್ದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ... ಸಂಬಳ ಎರಡು ಪಟ್ಟು ಇದ್ದದ್ದು ನಿಜ, ಆದರೆ ಮಳೆಗಾಲದಲ್ಲಿ ಹೋಟೆಲು ಮುಚ್ಚುತ್ತಿತ್ತು, ಸಂಬಳವೂ ನಿಲ್ಲುತ್ತಿತ್ತು. ಪ್ರವಾಸಿಗರು ಬರುವ ಸೀಸನ್ನಿನಲ್ಲಿ ಸಂಬಳ ಬರುತ್ತಿತ್ತು, ಅದರ ಜೊತೆಗೇ ಊರೆಲ್ಲ ದುಬಾರಿಯಾಗುತ್ತಿತ್ತು. ಒಂದೇ ಕೋಣೆಯ ನಿಮ್ಮ ಮನೆಯನ್ನು ನವೆಂಬರಿನಿಂದ ವಿದೇಶಿಯರಿಗೆ ದಿನದ ಲೆಕ್ಕದಲ್ಲಿ ಕೊಡಲು ಮಾಲೀಕರು ಖಾಲಿ ಮಾಡಿಸುತ್ತಿದ್ದರು. ಇರಬೇಕೆಂದರೆ ವಿದೇಶಿಯರ ಬಾಡಿಗೆಯನ್ನೇ ಕೊಡಬೇಕು. ತರಕಾರಿ ಬೆಳಗಾವಿಯಿಂದ ಲಾರಿಯಲ್ಲಿ ಬರಬೇಕು, ಬಂದದ್ದು ಮೊದಲು ಹೋಟೆಲುಗಳಿಗೆ ಹೋಗಬೇಕು, ಉಳಿದದ್ದನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಬಾವಿಯ ನೀರು ಉಪ್ಪು, ಕುಡಿಯುವ ನೀರನ್ನೂ ಕೊಳ್ಳಬೇಕು. ಅಲ್ಲಿ ಅಗ್ಗವಾಗಿ ಸಿಗುತ್ತಿದ್ದದ್ದು ಒಂದೇ, ಮೀನು. ಅದನ್ನು ಕೊರಳಲ್ಲಿ ಲಿಂಗವಿರುವ ನಮ್ಮವರು ಮುಟ್ಟುವಂತಿಲ್ಲ.

ಇಂಥ ಊರಿಗೆ ನಾವು ಪ್ರತಿವರ್ಷ ವರ್ಷದ ಕೊನೆಯ ವಾರ ಹೋಗುತ್ತಿದ್ದೆವು. ಬರಬಹುದೇ ಎಂದು ಕೇಳುತ್ತಿರಲಿಲ್ಲ. ಎಸ್ ಟಿ ಡಿ ಬೂತಿನಿಂದ ನಿನ್ನ ಅಪ್ಪನ ಹೋಟೆಲಿಗೆ ಫೋನ್ ಮಾಡಿ, ನಾಳಿದ್ದು ಬರುತ್ತೇವೆ, ಏಳು ಜನ ಎಂದು ತಿಳಿಸುತ್ತಿದ್ದೆವು. ನಾನು, ನಿನ್ನ ದೊಡ್ಡಪ್ಪ, ನಮ್ಮ ಇಬ್ಬರು ಮಕ್ಕಳು, ನನ್ನ ಮೈದುನ, ಅವನ ಹೆಂಡತಿ, ಅತ್ತೆ. ತಂಗಿಯ ಮನೆಗೆ ಹೋಗಲು ಅಪ್ಪಣೆ ಯಾಕೆ? ಬಂದವರನ್ನು ಎಷ್ಟು ದಿನ ಇರುತ್ತೀರಿ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕಸ್ತೂರಿಯೂ ಕೇಳಲಿಲ್ಲ. ಕೋಣೆಯನ್ನು ನಮಗೆ ಬಿಟ್ಟು, ನೀವು ಮೂವರು ಪಕ್ಕದ ಮೀನುಗಾರ್ತಿ ಕಾರ್ಮೆಲಿನ್ ಬಾಯಿಯ ಜಗಲಿಯ ಮೇಲೆ ಮಲಗುತ್ತಿದ್ದಿರಿ. ಕಡಲ ಗಾಳಿ ಚೆನ್ನಾಗಿರುತ್ತದೆ, ಅದಕ್ಕೇ ಹೊರಗೆ ಮಲಗುತ್ತೀವಿ ಎಂದಳು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಮೂರನೇ ವರ್ಷ — ನಿನಗಾಗ ಆರು ತುಂಬಿತ್ತು — ನಾನು ಹೋದ ದಿನವೇ ಮೂಗು ಮುರಿದೆ. ಅನ್ನ ಸಾರು ಬೇಜಾರು, ರೊಟ್ಟಿ ಬಡಿ, ಬದನೆಕಾಯಿ ಎಣ್ಣೆಗಾಯಿ ಮಾಡು ಎಂದೆ. ಕಸ್ತೂರಿ ಆಯ್ತಕ್ಕ ಎಂದಳು. ಮರುದಿನದಿಂದ ಎಣ್ಣೆಗಾಯಿ, ಪಲ್ಯ, ಹಸಿ ಸೌತೆಕಾಯಿ, ಎಲ್ಲ ಬಂತು. ನಾವು ಏಳು ಜನ ಚಪ್ಪರಿಸಿ ಉಂಡೆವು. ನೀವು ಯಾವಾಗ ಉಣ್ಣುತ್ತಿದ್ದಿರಿ, ಏನು ಉಣ್ಣುತ್ತಿದ್ದಿರಿ ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಒದ್ದೆ ಬಟ್ಟೆ ಹರವಲು ಕಾರ್ಮೆಲಿನ್ ಬಾಯಿಯ ಹಿತ್ತಲಿಗೆ ಹೋದೆ. ನೀನು ಒಗೆಯುವ ಕಲ್ಲಿನ ಮೇಲೆ ಕೂತು, ಅವಳ ಮನೆಯ ಅಲ್ಯೂಮಿನಿಯಂ ತಟ್ಟೆಯಲ್ಲಿ ಅನ್ನ ಉಣ್ಣುತ್ತಿದ್ದೆ. ಸಾರಿನಲ್ಲಿ ಬಂಗುಡೆ ಇತ್ತು. ಮುಳ್ಳನ್ನು ನಾಲಿಗೆಯಿಂದ ಬೇರೆ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದೆ. ಒಂದು ದಿನದಲ್ಲಿ ಕಲಿತದ್ದಲ್ಲ ಅದು, ಅಭ್ಯಾಸ. ನನ್ನನ್ನು ನೋಡಿ ನಕ್ಕೆ. ನಾನು ನಿನ್ನ ಕೈಯಿಂದ ತಟ್ಟೆ ಕಿತ್ತುಕೊಂಡೆ.

ಕಸ್ತೂರಿ ಓಡಿ ಬಂದಳು. ಕೂಗಾಡಲಿಲ್ಲ, ಅಳಲಿಲ್ಲ. ನನ್ನನ್ನು ತೆಂಗಿನ ಮರದ ಹಿಂದಕ್ಕೆ ಕರೆದೊಯ್ದು ಹೇಳಿದಳು — "ಅಕ್ಕಾ, ಈ ಸೀಸನ್ನಾಗ ಇಲ್ಲಿ ನಮ್ಮಂಥೋರು ಬದನೆಕಾಯಿ ಉಣ್ಣಾಕ ಆಗಲ್ಲ. ನೀವು ಬರ್ತೀರಿ ಅಂತ ಕೋಣೆ ಬಿಡಲಿಲ್ಲ, ಫಾರಿನ್ನರ್ ಬಾಡಿಗೆ ಕೊಟ್ಟು ಇಟ್ಕಂಡೀವಿ. ಇವರ ಸಂಬಳ ಅದಕ್ಕೆ ಹೋತು. ಕಾರ್ಮೆಲಿನ್ ಬಾಯಿಗೆ ನಾ ದೋಸೆ ಹಿಟ್ಟು ಕೊಡ್ತೀನಿ, ಆಕಿ ಹುಡುಗಿಗೆ ಸಾರು ಕೊಡ್ತಾಳ. ಬೆಳೆಯೋ ಹುಡುಗಿ, ಬರೇ ಅನ್ನಕ್ಕೆ ಉಪ್ಪು ಹಾಕಿ ಎಷ್ಟು ದಿನ ಕೊಡ್ಲಿ? ಅವ್ವಗೆ ಮಾತ್ರ ಹೇಳಬ್ಯಾಡ."

ಹೇಳಲ್ಲ ಬಿಡು ಎಂದೆ. ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದೆ. ಮುಂದಿನದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ. ಎಲ್ಲ ತಿಳಿದ ಮೇಲೆ ಆ ಸಂಜೆ ನಾನು ಎಣ್ಣೆಗಾಯಿ ಎರಡನೇ ಸಲ ಹಾಕಿಸಿಕೊಂಡೆ. ನಾಳೆಯೇ ಹೊರಡೋಣ ಎಂದು ನಿನ್ನ ದೊಡ್ಡಪ್ಪನಿಗೆ ಹೇಳಬಹುದಿತ್ತು. ಇನ್ನೂ ನಾಲ್ಕು ದಿನ ಇದ್ದೆವು. ಹೊಸ ವರ್ಷದ ಪಟಾಕಿ ನೋಡಬೇಕೆಂದು ನನ್ನ ಮಕ್ಕಳು ಹಟ ಹಿಡಿದಿದ್ದರು... ಮಕ್ಕಳ ಹೆಸರು ಯಾಕೆ, ನನಗೇ ನೋಡಬೇಕಿತ್ತು.

ಆ ಬೇಸಿಗೆಯಲ್ಲಿ ಕಸ್ತೂರಿ ನಿನ್ನನ್ನು ಕರೆದುಕೊಂಡು ಹರಿಹರಕ್ಕೆ ಬಂದಳು, ಮರಳಿ ಹೋಗಬಾರದೆಂದೇ ಬಂದಳು. ಅಜ್ಜಿ ಮನೆಯ ಮುಂಗೋಣೆಯನ್ನು ನಿಮಗೆ ಬಿಟ್ಟುಕೊಡಲು ಒಪ್ಪಿದ್ದಳು. ನಿನ್ನ ಅಪ್ಪ ತಿಂಗಳೊಳಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ದೋಸೆ ಗಾಡಿ ಇಡುವುದು, ಜೂನಿನಲ್ಲಿ ನಿನ್ನನ್ನು ಶಾಲೆಗೆ ಸೇರಿಸುವುದು, ಎಲ್ಲ ಮಾತಾಗಿತ್ತು. ವರ್ಷದಲ್ಲಿ ಅರ್ಧ ಕಾಲ ತಗಡಿನ ಶೆಡ್ಡು, ಅರ್ಧ ಕಾಲ ಬಾಡಿಗೆ ಕೋಣೆ ಎಂದು ಅಲೆಯುವುದು ತಪ್ಪುತ್ತದಕ್ಕಾ ಎಂದು ಕಸ್ತೂರಿ ನನ್ನ ಕೈ ಹಿಡಿದುಕೊಂಡು ಹೇಳಿದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಅವಳ ಮದುವೆಯ ದಿನವೂ ನೋಡಿರಲಿಲ್ಲ.

ನನಗೆ ಸಂತೋಷವಾಗಲಿಲ್ಲ. ಯಾಕೆಂದು ಕೇಳು. ನಿನ್ನ ದೊಡ್ಡಪ್ಪ ತಮ್ಮ ಬ್ಯಾಂಕಿನ ಮ್ಯಾನೇಜರ ಮನೆಯವರಿಗೆ, ಮುಂದಿನ ಡಿಸೆಂಬರಿಗೆ ನಮ್ಮ ನಾದಿನಿ ಮನೆಗೆ ಗೋವಾಕ್ಕೆ ಹೋಗೋಣ ಬರ್ರಿ, ಎಲ್ಲಾ ಮನೆ ಊಟ, ಎಂದು ಮಾತು ಕೊಟ್ಟಿದ್ದರು. ಮ್ಯಾನೇಜರ ಹೆಂಡತಿ ನನ್ನನ್ನು ಆ ನಂತರ ಹೆಸರು ಹಿಡಿದು ಕರೆಯತೊಡಗಿದ್ದರು, ತಮ್ಮ ಮನೆಯ ಸೋಫಾದ ಮೇಲೆ ಕೂರಿಸಿದ್ದರು. ಕಸ್ತೂರಿ ಹರಿಹರದಲ್ಲಿ ದೋಸೆ ಗಾಡಿಯವನ ಹೆಂಡತಿಯಾಗಿ ಕೂತರೆ ನಮಗೆ ಗೋವಾ ಎಲ್ಲಿ? ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವೊಂದು ಇತ್ತೇನೋ ಎಂದು ಇಷ್ಟು ವರ್ಷ ಹುಡುಕಿದ್ದೇನೆ — ಹಳೆಯ ಹೊಟ್ಟೆಕಿಚ್ಚು, ಅವ್ವನಿಗೆ ಅವಳ ಮೇಲೆ ಪ್ರೀತಿ ಹೆಚ್ಚು, ಹೀಗೆ ಏನಾದರೂ. ಇರಲಿಲ್ಲ. ನನಗೆ ಎಂಟು ದಿನದ ಪುಕ್ಕಟೆ ರಜೆ ಬೇಕಿತ್ತು.

ಕಸ್ತೂರಿ ಶಾಲೆಯಲ್ಲಿ ಅರ್ಜಿ ತರಲು ಹೋಗಿದ್ದಳು. ನೀನು ಅಂಗಳದಲ್ಲಿ ಆಡುತ್ತಿದ್ದೆ. ಅಜ್ಜಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ, ಬಹಳ ಸಂಕಟ ಪಡುವವಳ ಹಾಗೆ ಹೇಳಿದೆ — "ಅವ್ವಾ, ಹೇಳಬಾರ್ದು ಅಂತಿದ್ದೆ. ಇವರ ಮನೆಯಾಗ ಮೀನು ಉಣ್ತಾರ. ನಾನೇ ಕಣ್ಣಾರೆ ನೋಡೀನಿ."

ಇಷ್ಟು ಹೇಳಿದೆ, ಮಿಕ್ಕಿದ್ದನ್ನು ಹೇಳಲಿಲ್ಲ. ಉಂಡವಳು ನೀನೊಬ್ಬಳೇ, ಅದೂ ಪಕ್ಕದ ಮನೆಯ ತಟ್ಟೆಯಲ್ಲಿ. ಕಸ್ತೂರಿಯ ಒಲೆಯ ಮೇಲೆ ಮೀನು ಬೆಂದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಿನ್ನ ಪಾಲಿನ ಬದನೆಕಾಯಿ ನನ್ನ ಹೊಟ್ಟೆಗೆ ಹೋಗಿತ್ತು. ಅದನ್ನು ಹೇಳಿದ್ದರೆ ಅಜ್ಜಿ ನನ್ನ ಮುಖಕ್ಕೆ ಮೊರ ಎಸೆಯುತ್ತಿದ್ದಳು, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಅವಳು ಮಡಿವಂತೆ, ಆದರೆ ಕಲ್ಲೆದೆಯವಳಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಅರ್ಧ ಹೇಳಿದೆ. ಅಷ್ಟರಲ್ಲಿ ನೀನು ಬಂದು ಮಂಡಕ್ಕಿ ಕೇಳಿದೆ. ಅಜ್ಜಿ ನಿನ್ನನ್ನು ಒಮ್ಮೆ ನೋಡಿ, ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಕಸ್ತೂರಿ ಅರ್ಜಿ ಹಿಡಿದು ಬಂದಾಗ ನಿಮ್ಮ ಟ್ರಂಕು ಕಟ್ಟೆಯ ಮೇಲಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಒಂದೇ ಮಾತು ಹೇಳಿದಳು: "ನನ್ನ ಲಿಂಗಪೂಜಿ ನಡೆಯೋ ಮನೆ ಇದು. ನೀ ಒಳಗೆ ಬರಬ್ಯಾಡ." ಕಸ್ತೂರಿ ಸಮಜಾಯಿಷಿ ಕೊಡಲಿಲ್ಲ. ಕೊಟ್ಟಿದ್ದರೆ, ನಮ್ಮ ಅಕ್ಕನ ಮನೆಯವರಿಗೆ ಉಣ್ಣಿಸಿ ನಮಗೆ ಉಳಿಯಲಿಲ್ಲ ಎನ್ನಬೇಕಾಗುತ್ತಿತ್ತು. ನನ್ನ ಮಾನ ಹೋಗಬಾರದೆಂದು ಬಾಯಿ ಮುಚ್ಚಿಕೊಂಡಳು. ಹಿತ್ತಲಿಗೆ ಬಂದು ನನ್ನನ್ನು ಕೇಳಿದಳು — "ಅಕ್ಕಾ, ನೀ ಹೇಳಿದ್ಯಾ?"

"ನಾ ಯಾಕ ಹೇಳ್ಲೇ? ನಿನ್ನ ಮಗಳೇ ಅಜ್ಜಿ ಮುಂದೆ ನಿಂತು, ಮೀನು ಭಾಳ ರುಚಿ ಅಂದ್ಲು."

ಒಂದು ಕ್ಷಣವೂ ತಡೆಯಲಿಲ್ಲ ನಾನು. ಮಾತು ನಾಲಿಗೆಯ ತುದಿಯಲ್ಲೇ ಕಾದಿತ್ತು. ಕಸ್ತೂರಿ ಅಂಗಳಕ್ಕೆ ಹೋಗಿ ನಿನ್ನನ್ನು ಹೊಡೆದಳು. ಅದುವರೆಗೆ ಅವಳು ನಿನ್ನನ್ನು ಗದರಿದ್ದನ್ನೂ ನಾನು ಕಂಡಿರಲಿಲ್ಲ. "ನಾ ಅಂದಿಲ್ಲವ್ವ, ನಾ ಅಂದಿಲ್ಲ" ಎಂದು ನೀನು ಕಿರುಚುತ್ತಿದ್ದೆ. ಬಿಡಿಸಿಕೊಳ್ಳಲು ನನ್ನ ಕಡೆಗೆ ಓಡಿ ಬಂದೆ, ನನ್ನ ಸೀರೆ ಹಿಡಿದುಕೊಂಡೆ. ನಾನು ನಿನ್ನ ಬೆರಳು ಬಿಡಿಸಿ ನಿನ್ನನ್ನು ಅವಳ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ನೀನು ಅಂದಿಲ್ಲ ಎನ್ನುವುದನ್ನು ನಿಲ್ಲಿಸಿ, ಇನ್ನೊಮ್ಮೆ ಅನ್ನಲ್ಲವ್ವ ಎಂದು ಅಳತೊಡಗಿದೆ. ಸುಳ್ಳು ನಿನ್ನದಾದದ್ದು ಆ ಹೊತ್ತಿನಲ್ಲೇ ಇರಬೇಕು. ಆ ಮಧ್ಯಾಹ್ನದ ಬಸ್ಸಿಗೆ ನೀವು ಹೊರಟಿರಿ; ನಾನು ಬಸ್ ಸ್ಟ್ಯಾಂಡಿನವರೆಗೂ ಬಂದು, ನಿನಗೆ ಬಿಸ್ಕತ್ತಿನ ಪೊಟ್ಟಣ ಕೊಡಿಸಿದೆ.

ಆ ಡಿಸೆಂಬರಿಗೆ ನಾವು ಮ್ಯಾನೇಜರ ಮನೆಯವರನ್ನು ಕರೆದುಕೊಂಡು ಗೋವಾಕ್ಕೆ ಬಂದೆವು. ಹೌದು, ಬಂದೆವು. ಅಜ್ಜಿಗೆ ಮೈಲಿಗೆಯಾಗಿದ್ದ ಕೈಯ ಅಡುಗೆ ನನಗೆ ಮೈಲಿಗೆಯಾಗಲಿಲ್ಲ. ಅಜ್ಜಿಗೆ ಗೊತ್ತಾಗದಂತೆ ತಂಗಿಯನ್ನು ನೋಡಲು ಬಂದಿದ್ದೀನಿ ಎಂದು ಕಸ್ತೂರಿಗೆ ಹೇಳಿದೆ. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಅವಳು ಸೇರಿದ್ದಳು, ಅಂಗೈ ಸೀಳಿತ್ತು, ಆ ಕೈಯಲ್ಲೇ ಹತ್ತು ಜನಕ್ಕೆ ರೊಟ್ಟಿ ಬಡಿದಳು. ನೀನು ತುಟಿ ಬಿಚ್ಚದೆ ನೀರು ಬಡಿಸುತ್ತಿದ್ದೆ. ಮ್ಯಾನೇಜರ ಹೆಂಡತಿ, ನಿಮ್ಮ ತಂಗಿ ಪುಣ್ಯವಂತೆ ನೋಡ್ರಿ, ದಿನಾ ಸಮುದ್ರ ನೋಡ್ತಾಳೆ, ಎಂದರು. ನಾನು ಹೌದು ಎಂದು ನಕ್ಕೆ.

ಅಜ್ಜಿ ಮುಂಗೋಣೆಯಲ್ಲಿ ಕಟ್ಟಿಗೆ ಒಟ್ಟಿದಳು. ಪಂಚಮಿಗೆ ತವರಿನಿಂದ ಕರೆ ಹೋಗದಿದ್ದರೆ ಹೆಣ್ಣುಮಗಳು ತಾನಾಗಿ ಬರುವುದಿಲ್ಲ. ನಿನ್ನ ಅವ್ವನಿಗೆ ಆಮೇಲೆ ಕರೆ ಹೋಗಲೇ ಇಲ್ಲ. ಪ್ರತಿ ಪಂಚಮಿಗೆ ನಾನು ಹರಿಹರಕ್ಕೆ ಹೋಗಿ ಉಂಡೆ ಕಟ್ಟಿಸಿಕೊಂಡು ಬಂದೆ. ಅಜ್ಜಿ ತೀರಿಕೊಂಡಾಗ ಕಸ್ತೂರಿ ಬಂದದ್ದು ಬಾಗಿಲ ಹೊರಗಿನವರೆಗೆ ಮಾತ್ರ. ಒಳಗೆ ಬಾ ಎಂದು ಕರೆಯಬೇಕಾದವಳು ನಾನಾಗಿದ್ದೆ, ಕರೆಯಲಿಲ್ಲ. ನಿನ್ನನ್ನಂತೂ ಬಂಧು ಬಳಗದಲ್ಲಿ ಎಲ್ಲರೂ ಆಡಿಕೊಂಡರು — ಈಕಿ ಮುಂದೆ ಮಾತಾಡಬ್ಯಾಡ್ರಿ, ಊರಿಗೆಲ್ಲ ಡಂಗುರ. ಹಾಗೆ ಆಡಿಕೊಂಡವರಲ್ಲಿ ನಾನೂ ಇದ್ದೆ, ಎಲ್ಲರಿಗಿಂತ ಮುಂದೆ.

ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಸ್ತೂರಿಯ ಕೊನೆಯ ದಿನಗಳು. ನೀನು ಅವಳ ಕಾಲು ಒತ್ತುತ್ತಿದ್ದೆ, ನಾನು ತಲೆಯ ಹತ್ತಿರ ಸ್ಟೂಲಿನ ಮೇಲೆ ಮೂಸಂಬಿ ಬಿಡಿಸುತ್ತಿದ್ದೆ. ಅವಳು ನಿನ್ನನ್ನು ಹತ್ತಿರ ಕರೆದು ಹೇಳಿದ್ದು ನಿನಗೆ ನೆನಪಿದೆ, ನನಗೂ ಇದೆ. "ಸೌಮಿ, ನೀ ಆವಾಗ ಸಣ್ಣಾಕಿ, ತಿಳಿಲಿಲ್ಲ. ನಿನ್ನ ತಪ್ಪು ನಾ ಯಾವಾಗೋ ಹೊಟ್ಟೆಗೆ ಹಾಕ್ಕಂಡೀನಿ. ತವರಿನೋರೆಲ್ಲ ಬಿಟ್ರೂ ಅಕ್ಕ ಒಬ್ಬಾಕಿ ನಮ್ಮನ್ನ ಬಿಡ್ಲಿಲ್ಲ. ಆಕೀನ ಚಲೋತ್ನಾಗಿ ನೋಡ್ಕೋ." ನೀನು ಅವಳ ಅಂಗೈಯಲ್ಲಿ ಮುಖವಿಟ್ಟು ಅತ್ತೆ, ತಪ್ಪಾತವ್ವ ಎಂದೆ. ಮಾಡದ ತಪ್ಪಿಗೆ ನೀನು ಕ್ಷಮೆ ಬೇಡುತ್ತಿದ್ದೆ, ಅವಳು ಕೊಡುತ್ತಿದ್ದಳು, ನಾನು ಸಿಪ್ಪೆ ಸುಲಿಯುತ್ತಿದ್ದೆ. ಅವಳಿಗೆ ಇನ್ನೂ ಎರಡು ದಿನ ಪ್ರಜ್ಞೆ ಇತ್ತು. ಎರಡು ದಿನವೂ ನಾನು ಆ ಸ್ಟೂಲಿನ ಮೇಲೆಯೇ ಇದ್ದೆ. ಮಗಳನ್ನು ಸುಮ್ಮನೆ ಹೊಡೆದೆನಲ್ಲ ಎಂಬ ಸಂಕಟ ಸಾಯುವಾಗ ಅವಳಿಗೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಒಳ್ಳೆಯ ಅಕ್ಕ ಎನಿಸಿಕೊಂಡಿದ್ದೆ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಅವಳ ಕೊನೆಯ ಮಾತನ್ನು ನೀನು ಪಾಲಿಸುತ್ತಿದ್ದೀಯ. ವಾರಕ್ಕೊಮ್ಮೆ ಫೋನ್ ಮಾಡುತ್ತೀಯ, ದೊಡ್ಡವ್ವ ಔಷಧ ತಗೊಂಡ್ಯಾ ಎಂದು ಕೇಳುತ್ತೀಯ. ಇನ್ನು ಮೇಲೆ ಕೇಳಬೇಡ. ಮುಂದಿನ ಸೋಮವಾರ ಕಸ್ತೂರಿಯ ವರ್ಷದ ಪುಣ್ಯಸ್ಮರಣೆಗೆ ನಮ್ಮವರೆಲ್ಲ ನಿನ್ನ ಮನೆಗೆ ಬರುತ್ತಾರೆ, ನಾನೂ ಬರುತ್ತೇನೆ. ಎಲ್ಲರೂ ಊಟಕ್ಕೆ ಕೂರುವ ಮುಂಚೆ ಎದ್ದು ನಿಂತು ಈ ಕಾಗದದಲ್ಲಿ ಇರುವುದನ್ನೆಲ್ಲ ಹೇಳುತ್ತೇನೆ, ಅರ್ಧ ಉಳಿಸಿಕೊಳ್ಳುವುದಿಲ್ಲ. ಆವತ್ತು ನನಗೆ ಎಲೆ ಹಾಕಬೇಡ, ಸೌಮ್ಯಾ. ನಿನ್ನ ಮನೆಯಲ್ಲಿ ನಾನು ಉಂಡದ್ದು ಸಾಕು.